ಚೆಂಡು ಒದ್ದರೆ ಹೊಟ್ಟೆ ತುಂಬುತ್ತಾ? ಬೆಂಗಳೂರು ಎಫ್‌ಸಿಯ ಮೊದಲ ವರ್ಷಗಳ ಕಥೆ

"ಚೆಂಡು ಒದ್ದರೆ ಹೊಟ್ಟೆ ತುಂಬ್ತದೇನೋ?"

ಹಳ್ಳಿಯಲ್ಲಿ ಬೆಳೆದವರು ಈ ಮಾತು ಕೇಳದೆ ದೊಡ್ಡವರಾಗಿರಲಿಕ್ಕಿಲ್ಲ. ಕತ್ತಲಾಗುವವರೆಗೂ ಶಾಲೆ ಮೈದಾನದಲ್ಲಿ ಆಡಿ, ಮೊಣಕಾಲು ಕೆತ್ತಿಸಿಕೊಂಡು ಮನೆಗೆ ಬಂದರೆ ಮೊದಲು ಕಾಯುತ್ತಿದ್ದದ್ದು ಇದೇ ಪ್ರಶ್ನೆ. ಕೇಳಿದ ಅಪ್ಪನದು ತಪ್ಪೇನಿಲ್ಲ. ಆಟ ಆಡಿ ಮನೆ ನಡೆಸಿದವರನ್ನು ಅವರು ಕಂಡಿರಲಿಲ್ಲ. ನಾವೂ ಕಂಡಿರಲಿಲ್ಲ.

ಪತ್ರಿಕೋದ್ಯಮ ಓದಲು ಊರು ಬಿಟ್ಟ ಮೇಲೂ ಈ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ. ಈಗ ಊರಿಗೆ ಹೋದರೆ ಹಾಸ್ಟೆಲ್ ಹುಡುಗರು ಮೊಬೈಲಿನಲ್ಲಿ ಫುಟ್‌ಬಾಲ್ ನೋಡುತ್ತಾರೆ. "ಅಣ್ಣಾ, ಇದಕ್ಕೆ ಸೇರೋದು ಹೆಂಗೆ?" ಅಂತ ಕೇಳುತ್ತಾರೆ. ಸೇರಿದರೆ ಏನು ಸಿಗುತ್ತದೆ, ಎಷ್ಟು ದಿನ ಸಿಗುತ್ತದೆ ಅನ್ನುವುದನ್ನೂ ಅವರು ತಿಳಿದಿರಬೇಕು. ಅದಕ್ಕೇ ಈ ಸಲ ನಮ್ಮದೇ ರಾಜ್ಯದ ಒಂದು ವೃತ್ತಿಪರ ಕ್ಲಬ್ಬಿನ ಮೊದಲ ವರ್ಷಗಳನ್ನು ಹೇಳುತ್ತೇವೆ. ಅದರ ಹೆಸರು ಬೆಂಗಳೂರು ಫುಟ್‌ಬಾಲ್ ಕ್ಲಬ್, ಚಿಕ್ಕದಾಗಿ ಬೆಂಗಳೂರು ಎಫ್‌ಸಿ.

ಅದಕ್ಕೂ ಮೊದಲು ಏನಿತ್ತು?

ಬೆಂಗಳೂರಿಗೆ ಫುಟ್‌ಬಾಲ್ ಹೊಸದಲ್ಲ. ದಂಡು ಪ್ರದೇಶದ ಬ್ರಿಟಿಷ್ ಸೈನಿಕರು ಆಡುವುದನ್ನು ನೋಡಿ, ಸುತ್ತಲಿನ ಬಡ ಕೇರಿಗಳ ಹುಡುಗರು ಬರಿಗಾಲಲ್ಲೇ ಕಲಿತರು. ಹಲಸೂರಿನ ಗೌತಮಪುರ, ಆಸ್ಟಿನ್ ಟೌನ್‌ನಂಥ ಕಡೆ ಮನೆಮನೆಯಲ್ಲೂ ಆಟಗಾರರಿದ್ದರು. ಗೌತಮಪುರದಲ್ಲಿ ಇವತ್ತಿಗೂ ಬ್ರೆಜಿಲಿನ ಪೆಲೆಯ ಪ್ರತಿಮೆ ನಿಂತಿದೆ.

ಮುಂಬೈಯ ರೋವರ್ಸ್ ಕಪ್ ಬಹುಕಾಲ ಬ್ರಿಟಿಷ್ ಸೇನಾ ತುಕಡಿಗಳ ಸ್ವತ್ತಿನಂತಿತ್ತು. 1937ರಲ್ಲಿ ಅದನ್ನು ಗೆದ್ದದ್ದು ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡ. ಮರುವರ್ಷವೂ ಅವರೇ ಗೆದ್ದರು. ಸ್ವತಂತ್ರ ಭಾರತ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಆಡಿ 2-1ರಿಂದ ಸೋತಿತು. ನಮ್ಮ ಕಡೆಯ ಆ ಒಂದು ಗೋಲು ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಕೂಡ ಇಲ್ಲಿಯವರೇ. 1956 ಮತ್ತು 1960ರ ಒಲಿಂಪಿಕ್ಸ್‌ಗೆ ಹೋದ ಕೆಂಪಯ್ಯ ಕೂಡ.

ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ ನಾಲ್ಕು ಸಲ ಗೆದ್ದಿತು. ನಾಲ್ಕನೆಯದು 1968-69ರಲ್ಲಿ. ಆಮೇಲೆ ಅದು ಮತ್ತೆ ಕರ್ನಾಟಕಕ್ಕೆ ಬಂದದ್ದು 2023ರ ಮಾರ್ಚ್‌ನಲ್ಲಿ, ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದಾಗ. ನಡುವೆ 54 ವರ್ಷ!

ಆ ನಡುವಿನ ಕಾಲದಲ್ಲಿ ಆಟವನ್ನು ಉಳಿಸಿದ್ದು ಕಾರ್ಖಾನೆಗಳು. ಐಟಿಐ, ಎಚ್‌ಎಎಲ್‌ನಂಥ ಸರ್ಕಾರಿ ಉದ್ದಿಮೆಗಳು ತಂಡ ಕಟ್ಟಿ, ಚೆನ್ನಾಗಿ ಆಡುವ ಹುಡುಗನಿಗೆ ನೌಕರಿ ಕೊಡುತ್ತಿದ್ದವು. ಅವನು ಬೆಳಿಗ್ಗೆ ಅಭ್ಯಾಸ ಮಾಡಿ ಆಮೇಲೆ ಕೆಲಸಕ್ಕೆ ಹೋಗುತ್ತಿದ್ದ. ಕಾಲು ಸೋತ ಮೇಲೂ ನೌಕರಿ ಇರುತ್ತಿತ್ತು, ನಿವೃತ್ತಿಯಾದರೆ ಪಿಂಚಣಿ. "ಹೊಟ್ಟೆ ತುಂಬ್ತದೇನೋ" ಎಂಬ ಪ್ರಶ್ನೆಗೆ ಆ ಕಾಲದ ಉತ್ತರ ಅದು.

ಆ ವ್ಯವಸ್ಥೆ ನಿಧಾನವಾಗಿ ಸವೆಯಿತು. ಕಾರ್ಖಾನೆಗಳಲ್ಲಿ ನೇಮಕಾತಿ ಕಡಿಮೆಯಾಯಿತು. 2007ರಲ್ಲಿ ಐ-ಲೀಗ್ ಎಂಬ ರಾಷ್ಟ್ರೀಯ ವೃತ್ತಿಪರ ಲೀಗ್ ಶುರುವಾದಾಗ ಕಚೇರಿ ತಂಡಗಳಿಗೆ ಅದರ ಓಟಕ್ಕೆ ಹೆಜ್ಜೆ ಹಾಕುವುದು ಕಷ್ಟವಾಯಿತು. ಎಚ್‌ಎಎಲ್ ಎರಡು ಸೀಸನ್ ಆಡಿ 2012ರಲ್ಲಿ ಕೆಳಗಿನ ದರ್ಜೆಗೆ ಇಳಿಯಿತು. ಅಲ್ಲಿಗೆ ದೇಶದ ದೊಡ್ಡ ಲೀಗ್‌ನಲ್ಲಿ ಕರ್ನಾಟಕದ ತಂಡವೇ ಇಲ್ಲದಂತಾಯಿತು.

64 ದಿನದಲ್ಲಿ ಒಂದು ತಂಡ

ಬೇರೆ ಕಡೆಯೂ ಕಥೆ ಚೆನ್ನಾಗಿರಲಿಲ್ಲ. ಮುಂಬೈಯ ಮಹೀಂದ್ರ ಯುನೈಟೆಡ್ 2010ರಲ್ಲಿ ಬಾಗಿಲು ಹಾಕಿತು. ಪಂಜಾಬಿನ ಹಳೆಯ ತಂಡ ಜೆಸಿಟಿ 2011ರಲ್ಲಿ ಮುಚ್ಚಿತು. ತಂಡಗಳು ಕಡಿಮೆಯಾದಾಗ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ ಹೊಸ ದಾರಿ ಹಿಡಿಯಿತು. ದೊಡ್ಡ ಕಂಪನಿಗಳೇ ಹೊಸ ಕ್ಲಬ್ ಕಟ್ಟಲಿ, ಕೆಳಗಿನ ದರ್ಜೆಯಿಂದ ಏರಿ ಬರಬೇಕಿಲ್ಲ, ನೇರವಾಗಿ ಐ-ಲೀಗ್‌ಗೆ ಸೇರಿಸಿಕೊಳ್ಳುತ್ತೇವೆ ಎಂದಿತು. ಹಾಗೆ ಮುಂದೆ ಬಂದು ಬೆಂಗಳೂರಿನ ಹಕ್ಕು ಪಡೆದದ್ದು ಜೆಎಸ್‌ಡಬ್ಲ್ಯು. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ಇರುವ ಅದೇ ಕಂಪನಿ.

2013ರ ಜುಲೈ 20ರಂದು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಕ್ಲಬ್ಬಿನ ಹೆಸರು ಘೋಷಣೆಯಾಯಿತು. ಒಂದು ಸಣ್ಣ ಸಂಗತಿ ಗಮನಿಸಿ. ಇಂಗ್ಲಿಷಿನಲ್ಲಿ 'ಬ್ಯಾಂಗಲೋರ್' ಹೋಗಿ 'ಬೆಂಗಳೂರು' ಅಂತ ಅಧಿಕೃತವಾದದ್ದು 2014ರ ನವೆಂಬರ್ 1ರಂದು. ಕ್ಲಬ್ಬು ಅದಕ್ಕೂ ಒಂದು ವರ್ಷ ಮೊದಲೇ ಇಂಗ್ಲಿಷಿನಲ್ಲೂ 'ಬೆಂಗಳೂರು' ಎಂದೇ ಬರೆದುಕೊಂಡಿತ್ತು.

ಕೋಚ್ ಆಗಿ ಬಂದವರು ಇಂಗ್ಲೆಂಡಿನ ಆಶ್ಲೆ ವೆಸ್ಟ್‌ವುಡ್. ವಯಸ್ಸು 36. ಮ್ಯಾಂಚೆಸ್ಟರ್ ಯುನೈಟೆಡ್‌ನ ಯುವ ತಂಡದಲ್ಲಿ ಬೆಳೆದು, ಆಮೇಲೆ ಬೇರೆ ಕ್ಲಬ್‌ಗಳಲ್ಲಿ ಆಡಿ, ಸಹಾಯಕ ಕೋಚ್ ಆಗಿದ್ದವರು. ಅವರ ಮುಂದೆ ತಂಡ ಇರಲಿಲ್ಲ, ತಂಡ ಕಟ್ಟುವ ಕೆಲಸ ಇತ್ತು. ಹೊಸ ಕ್ಲಬ್ಬಿಗೆ ಯಾರು ಬರುತ್ತಾರೆ? ಹಳೇ ಕ್ಲಬ್ಬುಗಳಲ್ಲಿ ಬೆಂಚು ಕಾಯುತ್ತಿದ್ದವರು, ಹೆಸರು ಮಾಡಬೇಕೆಂದಿದ್ದ ಹುಡುಗರು, ಇಂಗ್ಲೆಂಡಿನ ಕೆಳಗಿನ ದರ್ಜೆಗಳಲ್ಲಿ ಆಡಿದ್ದ ಜಾನ್ ಜಾನ್ಸನ್, ಕೀನ್ಯಾದ ಕರ್ಟಿಸ್ ಒಸಾನೊ, ಆಸ್ಟ್ರೇಲಿಯಾದ ಶಾನ್ ರೂನಿ. ಬೆಂಗಳೂರಿನವರೇ ಆದ ಶಂಕರ್ ಸಂಪಂಗಿರಾಜ್ ಕೂಡ ಇದ್ದರು.

ದೊಡ್ಡ ಹೆಸರು ಒಂದೇ, ಸುನಿಲ್ ಛೆಟ್ರಿ. ಭಾರತ ತಂಡದ ನಾಯಕ, ಆಗ 28 ವರ್ಷ. ಪೋರ್ಚುಗಲ್ಲಿನ ಸ್ಪೋರ್ಟಿಂಗ್ ಕ್ಲಬ್ಬಿನ ಎರಡನೇ ತಂಡಕ್ಕೆ ಹೋಗಿ ಅಲ್ಲಿ ಅವಕಾಶ ಸಿಗದೆ ವಾಪಸ್ ಬಂದಿದ್ದರು. ಕೋಲ್ಕತ್ತದ, ಗೋವಾದ ಹಳೇ ಕ್ಲಬ್ಬುಗಳನ್ನು ಬಿಟ್ಟು ಒಂದು ಪಂದ್ಯವನ್ನೂ ಆಡಿರದ ಕ್ಲಬ್ಬಿಗೆ ಸಹಿ ಹಾಕಿದರು. ಹತ್ತು ವರ್ಷ ಕಳೆದ ಮೇಲೂ ಅವರ ಮೈಮೇಲೆ ಇದೇ ನೀಲಿ ಅಂಗಿ ಇತ್ತು.

ಸೆಪ್ಟೆಂಬರ್ 22ರಂದು ಮೊದಲ ಪಂದ್ಯ. ಹೆಸರಿಟ್ಟು ಲೆಕ್ಕ ಹಾಕಿದರೆ 64 ದಿನ. ಎದುರಿಗೆ ಕೋಲ್ಕತ್ತದ ಮೋಹನ್ ಬಾಗಾನ್, 1889ರಲ್ಲಿ ಹುಟ್ಟಿದ ಕ್ಲಬ್. ಒಂದು ಕಡೆ ನೂರು ದಾಟಿದ ಅಜ್ಜ, ಇನ್ನೊಂದು ಕಡೆ ತೊಟ್ಟಿಲ ಕೂಸು. ಪಂದ್ಯ 1-1ರಲ್ಲಿ ಮುಗಿಯಿತು. ಕ್ಲಬ್ಬಿನ ಮೊದಲ ಗೋಲು ಶಾನ್ ರೂನಿಯದು.

ಕೂಸು ಕಪ್ ಎತ್ತಿತು

ಹೊಸ ತಂಡ ಮಧ್ಯದಲ್ಲೆಲ್ಲೋ ನಿಂತರೆ ಸಾಕು ಅಂದುಕೊಂಡವರೇ ಹೆಚ್ಚು. ಆದರೆ ವೆಸ್ಟ್‌ವುಡ್ ಬೇರೆ ಲೆಕ್ಕ ಹಾಕಿದ್ದರು. ಆಟಗಾರರ ಊಟದ ಮೇಲೆ, ಮೈಕಟ್ಟಿನ ಮೇಲೆ, ನಿದ್ದೆಯ ಮೇಲೆ ಕಣ್ಣಿಟ್ಟರು. ಎಣ್ಣೆ ಪದಾರ್ಥಕ್ಕೆ ಕಡಿವಾಣ ಬಿತ್ತು. ಕೊನೆಯ ಹತ್ತು ನಿಮಿಷದಲ್ಲೂ ಮೊದಲ ಹತ್ತು ನಿಮಿಷದಷ್ಟೇ ಓಡುವ ಕಾಲು ಇರಬೇಕು ಎಂಬುದು ಗುರಿ. ಕಬಡ್ಡಿ ಆಡಿದ ನಮಗೆ ಇದು ಅರ್ಥವಾಗುತ್ತದೆ. ಕೊನೆಯ ರೈಡ್‌ನಲ್ಲಿ ಉಸಿರಿರುವವನೇ ಗೆಲ್ಲುವುದು.

ಆ ವರ್ಷ ಲೀಗ್‌ನಲ್ಲಿ 13 ತಂಡಗಳು, ಪ್ರತಿ ತಂಡಕ್ಕೆ 24 ಪಂದ್ಯ. ಗೆದ್ದರೆ 3 ಪಾಯಿಂಟ್, ಡ್ರಾ ಆದರೆ 1. ಬೆಂಗಳೂರು 14 ಗೆದ್ದಿತು, 5 ಡ್ರಾ, 5 ಸೋಲು, ಒಟ್ಟು 47 ಪಾಯಿಂಟ್. ಎರಡನೆಯದಾದ ಈಸ್ಟ್ ಬೆಂಗಾಲ್‌ಗೆ 43. ಛೆಟ್ರಿಯೊಬ್ಬರೇ 14 ಗೋಲು ಹೊಡೆದರು.

2014ರ ಏಪ್ರಿಲ್ 21ರಂದು, ಇನ್ನೂ ಒಂದು ಪಂದ್ಯ ಬಾಕಿ ಇರುವಾಗಲೇ, ಗೋವಾಕ್ಕೆ ಹೋಗಿ ಡೆಂಪೊ ತಂಡವನ್ನು 4-2ರಿಂದ ಸೋಲಿಸಿ ಲೀಗ್ ಗೆದ್ದರು. ಡೆಂಪೊ ಅಂದರೆ ಸಣ್ಣ ತಂಡವಲ್ಲ, ಆ ಹೊತ್ತಿಗೆ ಹಲವು ಸಲ ದೇಶದ ಚಾಂಪಿಯನ್ ಆಗಿತ್ತು. ಅವರ ಮನೆಯಂಗಳದಲ್ಲೇ ಒಂಬತ್ತು ತಿಂಗಳ ಕೂಸು ಕಪ್ ಎತ್ತಿತು.

ಪಶ್ಚಿಮದ ಮೆಟ್ಟಿಲು

ಕಂಪನಿ ಕ್ಲಬ್ ಕಟ್ಟಬಹುದು, ಅಭಿಮಾನಿಗಳನ್ನು ಕಟ್ಟಲಾಗುವುದಿಲ್ಲ. ಅವರಾಗೇ ಬರಬೇಕು. ಮೊದಲ ವರ್ಷವೇ ಸ್ಟೇಡಿಯಂನ ಪಶ್ಚಿಮ ಬದಿಯಲ್ಲಿ ಒಂದಷ್ಟು ಜನ ಒಟ್ಟಿಗೆ ನಿಂತು ಹಾಡುವುದು, ಡೋಲು ಬಡಿಯುವುದು ಶುರುವಾಯಿತು. ತಮ್ಮನ್ನು 'ವೆಸ್ಟ್ ಬ್ಲಾಕ್ ಬ್ಲೂಸ್' ಎಂದು ಕರೆದುಕೊಂಡರು. ಬೇರೆ ಊರಿನ ಪಂದ್ಯಗಳಿಗೂ ಕೈಯಿಂದ ಖರ್ಚು ಹಾಕಿ ಹೋದರು. ನಮ್ಮೂರ ತಂಡ ಪಕ್ಕದ ತಾಲ್ಲೂಕಿಗೆ ಪಂದ್ಯ ಆಡಲು ಹೋದರೆ ಟ್ರ್ಯಾಕ್ಟರ್ ಹತ್ತಿ ಹಿಂದೆ ಹೋಗುತ್ತೇವಲ್ಲ, ಅದೇ ಹುಚ್ಚು.

ಎರಡನೇ ಸೀಸನ್‌ನಲ್ಲಿ ಕ್ಲಬ್ಬು ದೊಡ್ಡದಾದ ಕಂಠೀರವ ಸ್ಟೇಡಿಯಂಗೆ ಬಂತು. ಇದರಿಂದ ಒಂದು ತಕರಾರೂ ಹುಟ್ಟಿತು. ಕಂಠೀರವ ಅಥ್ಲೆಟಿಕ್ಸ್‌ನವರ ಮನೆ. ಓಟಗಾರರು, ಎಸೆತಗಾರರು ಅಭ್ಯಾಸ ಮಾಡುವ ಸರ್ಕಾರಿ ಮೈದಾನ. ಫುಟ್‌ಬಾಲ್‌ನಿಂದ ತಮಗೆ ಜಾಗ ಸಿಗುತ್ತಿಲ್ಲವೆಂದು ಅಥ್ಲೆಟಿಕ್ಸ್‌ನವರು ದೂರಿದರು, ವಿಷಯ ಹೈಕೋರ್ಟಿನವರೆಗೂ ಹೋಯಿತು. ಎರಡೂ ಕಡೆ ನ್ಯಾಯವಿತ್ತು ಅಂತಲೇ ನಮಗೆ ಕಾಣುತ್ತದೆ. ತಪ್ಪಿರುವುದು ಇಷ್ಟು ದೊಡ್ಡ ನಗರದಲ್ಲಿ ಮೈದಾನಗಳು ಇಷ್ಟು ಕಡಿಮೆ ಇರುವುದರಲ್ಲಿ. ಊರ ಶಾಲೆಯ ಮೈದಾನಕ್ಕೆ ಕಟ್ಟಡ ಎದ್ದು, ಹುಡುಗರು ರಸ್ತೆಯಲ್ಲಿ ಆಡುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೂರು ನಿಮಿಷದಲ್ಲಿ ಹೋದ ಕಪ್

2015ರ ಜನವರಿ 11ರಂದು ಡೆಂಪೊವನ್ನು ಮತ್ತೆ ಗೋವಾದಲ್ಲೇ 2-1ರಿಂದ ಸೋಲಿಸಿ ಫೆಡರೇಷನ್ ಕಪ್ ಗೆದ್ದರು. ಆದರೆ ಆ ವರ್ಷ ನೆನಪಾಗುವುದು ಸೋಲಿನಿಂದ.

ಮೇ 31, 2015. ಲೀಗ್‌ನ ಕೊನೆಯ ಪಂದ್ಯ, ಕಂಠೀರವದಲ್ಲಿ. ಎದುರಿಗೆ ಅದೇ ಮೋಹನ್ ಬಾಗಾನ್. ಅವರಿಗೆ 38 ಪಾಯಿಂಟ್, ನಮ್ಮವರಿಗೆ 36. ಬೆಂಗಳೂರು ಗೆದ್ದರೆ 39 ಆಗಿ ಕಪ್ ಇಲ್ಲೇ ಉಳಿಯುತ್ತದೆ. ಡ್ರಾ ಆದರೂ ಅದು ಕೋಲ್ಕತ್ತಕ್ಕೆ. ಮೊದಲರ್ಧದಲ್ಲೇ ಜಾನ್ಸನ್ ಗೋಲು ಹೊಡೆದರು. ಸ್ಟೇಡಿಯಂ ಕುಣಿಯಿತು. 87ನೇ ನಿಮಿಷದವರೆಗೂ ಕಪ್ ಬೆಂಗಳೂರಿನದೇ. ಆಗ ಒಂದು ಕಾರ್ನರ್. ಬಾಗಾನ್‌ನ ಬೆಲ್ಲೊ ರಜಾಕ್ ಎಲ್ಲರಿಗಿಂತ ಎತ್ತರಕ್ಕೆ ಹಾರಿ ತಲೆ ಕೊಟ್ಟರು. 1-1. ಮೂರು ನಿಮಿಷ ತಡೆದುಕೊಂಡಿದ್ದರೆ ಸಾಕಿತ್ತು.

ಕಪ್ಪಿಗಿಂತ ಈ ಸೋಲೇ ಕ್ಲಬ್ಬನ್ನು ನಗರಕ್ಕೆ ಹತ್ತಿರ ತಂದಿತು ಎಂದು ನಮಗೆ ಅನ್ನಿಸುತ್ತದೆ. ಗೆದ್ದವರ ಜೊತೆ ಯಾರು ಬೇಕಾದರೂ ಇರುತ್ತಾರೆ. ಸೋತ ರಾತ್ರಿ ಒಟ್ಟಿಗೆ ಅತ್ತವರು ಬಿಟ್ಟು ಹೋಗುವುದಿಲ್ಲ.

ಅದೇ ವರ್ಷ ಜುಲೈನಲ್ಲಿ ಇನ್ನೊಂದು ಸಂಗತಿ ನಡೆಯಿತು. ಇಂಡಿಯನ್ ಸೂಪರ್ ಲೀಗ್, ಅಂದರೆ ಐಎಸ್‌ಎಲ್, 2014ರಲ್ಲೇ ಬೇರೆ ಲೀಗ್ ಆಗಿ ಶುರುವಾಗಿತ್ತು. ಅದರ ಹರಾಜಿನಲ್ಲಿ ಛೆಟ್ರಿಯನ್ನು ಮುಂಬೈ ತಂಡ 1.20 ಕೋಟಿ ರೂಪಾಯಿಗೆ, ಬೆಂಗಳೂರಿನ ಮತ್ತೊಬ್ಬ ಆಟಗಾರ ಯುಜೀನ್‌ಸನ್ ಲಿಂಗ್ಡೊ ಅವರನ್ನು ಪುಣೆ ತಂಡ 1.05 ಕೋಟಿಗೆ ಕೊಂಡವು. ಭಾರತದಲ್ಲಿ ಚೆಂಡು ಒದೆಯುವವನಿಗೆ ಕೋಟಿ ಬೆಲೆ! ಆದರೆ ನೆನಪಿಡಿ, ಆ ಬೆಲೆ ಸಿಗುವುದು ಬೆರಳೆಣಿಕೆಯವರಿಗೆ.

ದೋಹಾದ ರಾತ್ರಿ

2016ರ ಏಪ್ರಿಲ್ 17ರಂದು ಕಂಠೀರವದಲ್ಲಿ ಗೋವಾದ ಸಾಲ್ಗಾಂವ್ಕರ್ ತಂಡವನ್ನು 2-0ರಿಂದ ಸೋಲಿಸಿ ಎರಡನೇ ಸಲ ಐ-ಲೀಗ್ ಗೆದ್ದರು. ಕಳೆದ ವರ್ಷ ಅತ್ತ ಅದೇ ಮೆಟ್ಟಿಲುಗಳ ಮೇಲೆ ಈ ಸಲ ಹಾಡು. ಆಮೇಲೆ ವೆಸ್ಟ್‌ವುಡ್ ಹೊರಟರು, ಸ್ಪೇನಿನ ಆಲ್ಬರ್ಟ್ ರೋಕಾ ಬಂದರು.

ಏಷ್ಯಾದ ಎರಡನೇ ದರ್ಜೆಯ ಕ್ಲಬ್ ಪಂದ್ಯಾವಳಿಯಾಗಿದ್ದ ಎಎಫ್‌ಸಿ ಕಪ್‌ನಲ್ಲಿ ಭಾರತದ ಕ್ಲಬ್ ಅಲ್ಲಿಯವರೆಗೆ ಫೈನಲ್ ಕಂಡಿರಲಿಲ್ಲ. 2016ರ ಸೆಮಿಫೈನಲ್‌ನಲ್ಲಿ ಬೆಂಗಳೂರಿನ ಎದುರಾಳಿ ಮಲೇಷ್ಯಾದ ಜೊಹೊರ್ ದಾರುಲ್ ತಜೀಮ್, ಹಿಂದಿನ ವರ್ಷದ ಚಾಂಪಿಯನ್. ಅಲ್ಲಿ 1-1. ಅಕ್ಟೋಬರ್ 19ರಂದು ಕಂಠೀರವದಲ್ಲಿ ಮೊದಲ ಗೋಲು ಹೊಡೆದದ್ದೂ ಮಲೇಷ್ಯಾದವರೇ. ಆಮೇಲೆ ಛೆಟ್ರಿ ಎರಡು, ಸ್ಪೇನಿನ ಹುವಾನನ್ ಒಂದು. 3-1. ಮೂರು ವರ್ಷದ ಕ್ಲಬ್ ಏಷ್ಯಾದ ಫೈನಲ್‌ಗೆ!

ನವೆಂಬರ್ 5ರಂದು ಕತಾರಿನ ದೋಹಾದಲ್ಲಿ ಇರಾಕಿನ ಏರ್ ಫೋರ್ಸ್ ಕ್ಲಬ್ ವಿರುದ್ಧ ಫೈನಲ್. ಗೋಲ್‌ಕೀಪರ್ ಅಮರಿಂದರ್ ಸಿಂಗ್‌ಗೆ ನಿಷೇಧವಿದ್ದುದರಿಂದ ಮಿಜೋರಾಂನ ಲಾಲ್‌ಥುಅಮ್‌ಮಾವಿಯಾ ರಾಲ್ಟೆ ನಿಂತರು. 70ನೇ ನಿಮಿಷದಲ್ಲಿ ಹಮ್ಮಾದಿ ಅಹ್ಮದ್ ಹೊಡೆದ ಒಂದೇ ಗೋಲಿನಿಂದ ಸೋತರು. ಸೋತರೂ, ಭಾರತದ ಕ್ಲಬ್ ಅಷ್ಟು ದೂರ ಹೋಗಬಹುದು ಎಂದು ಮೊದಲ ಸಲ ಗೊತ್ತಾಯಿತು.

2017ರ ಮೇನಲ್ಲಿ ಕಟಕ್‌ನಲ್ಲಿ ಮೋಹನ್ ಬಾಗಾನ್ ಮೇಲೆ ಹಳೇ ಬಾಕಿ ತೀರಿಸಿಕೊಂಡರು. ಹೆಚ್ಚುವರಿ ಸಮಯದಲ್ಲಿ ಸಿ.ಕೆ. ವಿನೀತ್ ಹೊಡೆದ ಎರಡು ಗೋಲುಗಳಿಂದ ಫೆಡರೇಷನ್ ಕಪ್ ಬಂತು. ಐ-ಲೀಗ್ ಕಾಲದ ನಾಲ್ಕು ಸೀಸನ್‌ಗಳಲ್ಲಿ ವರ್ಷಕ್ಕೊಂದರಂತೆ ನಾಲ್ಕು ಕಪ್. ಆಮೇಲೆ ಕ್ಲಬ್ಬು ಐಎಸ್‌ಎಲ್‌ಗೆ ಸೇರಿತು. 2018ರ ಮಾರ್ಚ್ 17ರಂದು ತವರಿನಲ್ಲೇ ಚೆನ್ನೈಯಿನ್ ಎದುರು ಫೈನಲ್ ಸೋತಿತು. ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ರಂದು, ಮುಂಬೈಯಲ್ಲಿ ಗೋವಾವನ್ನು 1-0ರಿಂದ ಸೋಲಿಸಿ ಆ ಕಪ್ಪನ್ನೂ ಎತ್ತಿತು.

ಹಾಗಾದರೆ ಹೊಟ್ಟೆ ತುಂಬುತ್ತಾ?

ಮೊದಲ ಪ್ರಶ್ನೆಗೆ ವಾಪಸ್ ಬರೋಣ. ಕಪ್ಪುಗಳ ಲೆಕ್ಕ ಮಾತ್ರ ಕೊಟ್ಟರೆ ನಿಮಗೆ ಅರ್ಧ ಸತ್ಯ ಹೇಳಿದಂತಾಗುತ್ತದೆ.

ಬೆಂಗಳೂರು ಗೆಲ್ಲುತ್ತಿದ್ದ ಅದೇ ವರ್ಷಗಳಲ್ಲಿ ಬೇರೆ ಕ್ಲಬ್ಬುಗಳು ಬಿದ್ದವು. ಇದೇ ದಾರಿಯಲ್ಲಿ ಕಂಪನಿಯೊಂದು ಕಟ್ಟಿದ ಪುಣೆಯ ಭಾರತ್ ಎಫ್‌ಸಿ ಒಂದೇ ಸೀಸನ್ ಆಡಿ 2015ರಲ್ಲಿ ನಿಂತಿತು. ಡೆಂಪೊ, ಸಾಲ್ಗಾಂವ್ಕರ್‌ನಂಥ ಗೋವಾದ ಹಳೇ ಕ್ಲಬ್ಬುಗಳು 2016ರಲ್ಲಿ ಐ-ಲೀಗ್ ಬಿಟ್ಟವು. ಕ್ಲಬ್ ನಡೆಸುವುದೆಂದರೆ ಆಟಗಾರರ ಸಂಬಳ, ಕೋಚು, ಡಾಕ್ಟರು, ದೇಶದ ಮೂಲೆ ಮೂಲೆಗೆ ವಿಮಾನ, ಹೋಟೆಲ್ಲು. ಬರೀ ಟಿಕೆಟ್ ಹಣದಿಂದ ಅದು ಆಗುವುದಿಲ್ಲ. ಮಾಲೀಕರ ಜೇಬು, ಅವರ ಮನಸ್ಸು, ಎರಡೂ ಗಟ್ಟಿಯಿರಬೇಕು.

ಬೆಂಗಳೂರಿಗೂ ಆ ಬಿಸಿ ತಟ್ಟಿತು. ಐಎಸ್‌ಎಲ್ ನಡೆಸುವ ಒಪ್ಪಂದ 2025ರ ಡಿಸೆಂಬರ್‌ಗೆ ಮುಗಿಯಲಿತ್ತು. ಮುಂದೇನು ಎಂಬುದು ತೀರ್ಮಾನವಾಗದೆ ಲೀಗೇ ಅನಿಶ್ಚಿತವಾಯಿತು. 2025ರ ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುವುದಾಗಿ ಪ್ರಕಟಿಸಿತು. ಇಷ್ಟು ಕಪ್ ಗೆದ್ದ ಕ್ಲಬ್ಬಿನ ಗತಿಯೇ ಇದು. ಐಟಿಐಯಲ್ಲಿ ಆಡುತ್ತಿದ್ದವನಿಗೆ ಪಂದ್ಯ ನಿಂತರೂ ತಿಂಗಳ ಸಂಬಳ ನಿಲ್ಲುತ್ತಿರಲಿಲ್ಲ. ಹೊಸ ಕಾಲದ ಆಟಗಾರನಿಗೆ ಹಣ ಹೆಚ್ಚು, ಭದ್ರತೆ ಕಡಿಮೆ. ಗುತ್ತಿಗೆ ಮುಗಿದರೆ ಕೆಲಸವೂ ಮುಗಿಯಿತು.

ಹಾಗಂತ ಹುಡುಗರಿಗೆ "ಬೇಡ" ಅನ್ನಲು ನಮಗೆ ಬಾಯಿ ಬರುವುದಿಲ್ಲ. ಬಳ್ಳಾರಿ ಜಿಲ್ಲೆಯಲ್ಲಿ, ಕಾರ್ಖಾನೆಯ ಪಕ್ಕದ ವಿಜಯನಗರದಲ್ಲಿ 2018ರ ಆಗಸ್ಟ್ 15ರಂದು ಶುರುವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ. ಕ್ಲಬ್ಬಿನ ಎಳೆಯರ ತಂಡಗಳು ಅಲ್ಲಿ ಪಳಗಿವೆ. ಅಪ್ಪಂದಿರ ಕಾಲದಲ್ಲಿ ಇಂಥದ್ದೊಂದು ಬಾಗಿಲು ನಮ್ಮ ಸೀಮೆಯಲ್ಲಿ ಇರಲೇ ಇಲ್ಲ.

ಆದ್ದರಿಂದ ಹಾಸ್ಟೆಲ್ ಹುಡುಗರಿಗೆ ನಾವು ಹೇಳುವುದು ಇಷ್ಟು. ಆಡು. ಆಯ್ಕೆ ನಡೆಯುತ್ತಿದ್ದರೆ ಹೋಗು. ಆದರೆ ಪಿಯುಸಿ ಬಿಡಬೇಡ. ಗುತ್ತಿಗೆಗೆ ಸಹಿ ಹಾಕುವ ಮೊದಲು ಎಷ್ಟು ವರ್ಷ, ಎಷ್ಟು ಸಂಬಳ, ಕಾಲು ಮುರಿದರೆ ಆಸ್ಪತ್ರೆ ಖರ್ಚು ಯಾರದು ಅಂತ ಓದಿಸಿ ಕೇಳು. ಅಪ್ಪ ಆ ಪ್ರಶ್ನೆ ಕೇಳಿದರೆ ಸಿಟ್ಟಾಗಬೇಡ. 87ನೇ ನಿಮಿಷದವರೆಗೆ ಗೆದ್ದಿದ್ದವರೂ ಸೋತಿದ್ದಾರೆ ಎಂದು ತಿಳಿದವನು ಕೇಳಲೇಬೇಕಾದ ಪ್ರಶ್ನೆ ಅದು.

ಮುಂದಿನ ಸಲ ಊರಿಗೆ ಹೋಗುವಾಗ ಹಾಸ್ಟೆಲ್ಲಿಗೆ ಒಂದು ಒಳ್ಳೆ ಚೆಂಡು ಒಯ್ಯುವುದೆಂದು ಮಾತಾಡಿಕೊಂಡಿದ್ದೇವೆ. ಅಲ್ಲಿರುವುದು ತೇಪೆ ಹಾಕಿ ಹಾಕಿ ಮೊಟ್ಟೆಯಾಕಾರಕ್ಕೆ ಬಂದಿದೆ.